ಐದು ನಿಮಿಷದ ಸರದಿ

ವಿಧಾನಸೌಧದಲ್ಲಿ ನನ್ನದು ಐದೇ ನಿಮಿಷದ ಸರದಿ.
ಐದಾಯಿತೋ, ಏಳಬೇಕು;
ನಾನು ಬಿಟ್ಟ ವಾಕ್ಯದ ಬಾಲ ಹಿಡಿದು
ನಳಿನಾಕ್ಷಿ ಬಂದು ಕೂರುತ್ತಾಳೆ.

ಇಪ್ಪತ್ತೆಂಟು ವರ್ಷ.
ಎಷ್ಟು ಮಂತ್ರಿಗಳ ಗುಡುಗು, ಗಾದೆ, ತಪ್ಪುತಪ್ಪು ವಚನ
ನನ್ನ ಶೀಘ್ರಲಿಪಿಯ ಕೊಕ್ಕೆಗಳಲ್ಲಿ ನೇತಾಡಿವೆ.

ಕೂಗಾಡಿದರೆ ಸುಲಭ:
ಕಂಸದೊಳಗೆ ‘ಗದ್ದಲ’ ಎಂದರಾಯಿತು.
ನಕ್ಕರೆ, ಮೇಜು ಕುಟ್ಟಿದರೆ,
ಸಭಾತ್ಯಾಗ ಮಾಡಿ ಕಾಫಿಗೆ ಹೋದರೆ
ಅದಕ್ಕೂ ಒಂದೊಂದು ಪದವುಂಟು.

ಮೊನ್ನೆ ಲಗ್ಗೆರೆಯ ಮ್ಯಾನ್‌ಹೋಲಿನ ಮಾತು ಬಂತು.
‘ಇಳಿದವನ ಹೆಸರೇನು?’ ಯಾರೋ ಕೇಳಿದರು,
ಹಿಂದಿನ ಸಾಲಿನಿಂದ, ಮೆಲ್ಲಗೆ.

ಮಾತಿನ ಮಲ್ಲ ನಮ್ಮ ಮಂತ್ರಿ
ಹಾಳೆ ಮಗುಚಿದರು. ಮತ್ತೆ ಮಗುಚಿದರು.
ಅಧಿಕಾರಿಗಳ ಕಡೆಯಿಂದ ಚೀಟಿ ಬರಲಿಲ್ಲ.
ನನ್ನ ಪೆನ್ಸಿಲು ಒಂಟಿಕಾಲಲ್ಲಿ ನಿಂತಿತು.

ಆಮೇಲೆ ಅವರು ಯೋಜನೆ ಎಂದರು, ಕೋಟಿ ಎಂದರು,
ಸರ್ಕಾರ ಬದ್ಧ ಎಂದರು.
ಬರೆದೆ.
ನಡುವಿನ ಹನ್ನೊಂದು ಸೆಕೆಂಡಿಗೆ
ಕಡತದಲ್ಲಿ ಪದವಿಲ್ಲ.

ಸಂಜೆ ಬಸ್ಸಿನಲ್ಲಿ, ಪಕ್ಕದವನ ಪತ್ರಿಕೆಯ
ಒಳಪುಟದ ಮೂಲೆಯಲ್ಲಿ ಹೆಸರಿತ್ತು:
ಮುನಿಕೆಂಚ.

ಟಿಕೆಟ್ಟಿನ ಬೆನ್ನಮೇಲೆ ಬರೆದು ನೋಡಿದೆ.
ಎರಡು ಗೀರು, ಒಂದು ಚುಕ್ಕೆ.
ಒಂದು ಸೆಕೆಂಡೂ
ಹಿಡಿಯಲಿಲ್ಲ.