ಚೀಟಿಯ ಖಾಲಿ ಜಾಗ

ಗುರುವಾರ ಬೆಳಿಗ್ಗೆ ಬಂತು ಪೊಟ್ಟಣ.
ಬ್ರಸೆಲ್ಸ್ ವಿಮಾನನಿಲ್ದಾಣದಿಂದ ಸುಂಕದ ವಾನ್ನೆಸ್
ಮೂರು ಸುತ್ತು ಟೇಪು ಬಿಗಿದು ಕಳಿಸಿದ್ದಾನೆ,
ಒಳಗಿನದು ಎದ್ದು ಓಡೀತೇನೋ ಎಂಬಂತೆ.
ಜೊತೆಗೊಂದು ಚೀಟಿ: ಕಿನ್ಶಾಸಾ. ನಾಲ್ಕು ಕಿಲೊ. ಹೊಗೆಯಲ್ಲಿ ಒಣಗಿಸಿದ್ದು.
ಯಾವ ಪ್ರಾಣಿ?
ಅಲ್ಲಿ ಖಾಲಿ.

ಬಿಚ್ಚಿದರೆ ಪ್ರಯೋಗಾಲಯದ ತುಂಬ ಸೌದೆಯ ವಾಸನೆ.
ಕಿಟಕಿಯಾಚೆ ಬೀಚ್ ಮರಗಳಡಿ ನಲವತ್ತನಾಲ್ಕನೇ ಟ್ರಾಮು
ಕೀರಲು ದನಿ ಎಳೆದು ತಿರುಗಿತು.
ಗೊದೆಲೀವೆ ಕನ್ನಡಕ ಹಣೆಗೇರಿಸಿ ಬಗ್ಗಿದಳು.
ಮೂವತ್ತೊಂದು ವರ್ಷದಿಂದ ಮೂಳೆ ಓದುವವಳು:
ಹಲ್ಲಿನ ಸವೆತ, ಗೊರಸಿನ ಸೀಳು, ರೋಮದ ಮೇಲಿನ ಹುರುಪೆ.
ಇಲ್ಲಿ ರೋಮ ಸುಟ್ಟಿದೆ, ಗೊರಸು ಕೊಯ್ದಾಗಿದೆ,
ತಲೆ ಯಾರದೋ ಅಡುಗೆಮನೆಯಲ್ಲೇ ಉಳಿದಿದೆ.
ಒಂದು ಮುಂಗಾಲಿನ ಮೂಳೆ, ಪೆನ್ನಿನಷ್ಟು ಸಣ್ಣ.
“ಕೋತಿಯಲ್ಲ. ಚಿಗರೆಯ ಬಳಗ. ಮುಂದಿನದು ನನಗೆ ಕಾಣದು.”

ಅವಳು ನಿಂತಲ್ಲಿಂದ ನನ್ನ ಕೆಲಸ.
ಅಕ್ಕಿಕಾಳಿನಷ್ಟು ಮಾಂಸ ಕರಗಿಸಿ, ತೊಳೆದು,
ಕಾಯಿಸಿ ತಣಿಸಿ ಕಾಯಿಸಿ ತಣಿಸಿ,
ಆರುನೂರ ಐವತ್ತೆಂಟು ಅಕ್ಷರದ ಒಂದೇ ಸಾಲು ತೆಗೆಯುವುದು.
ನಾಲ್ಕೇ ಅಕ್ಷರದ ಲಿಪಿ: ಒತ್ತಿಲ್ಲ, ದೀರ್ಘವಿಲ್ಲ,
ಉಸಿರು ತಿರುವಲು ಒಂದು ಅಲ್ಪವಿರಾಮವೂ ಇಲ್ಲ.
ಮೊದಲ ಸಲ ಬಂದದ್ದು ನನ್ನದೇ ಸಾಲು!
ಕೈಗವಸು ಹರಿದಿತ್ತು; ಪರದೆಯ ಮೇಲೆ ‘ಮನುಷ್ಯ’ ಎಂದು ಬಿತ್ತು.
ಗೊದೆಲೀವೆ ಊಟ ಬಿಟ್ಟು ನಕ್ಕಳು.

ಹದಿನೇಳನೇ ದಿನ ಸಿಕ್ಕಿತು:
ನೀಲಿ ಡೈಕರ್. ಮೊಣಕಾಲೆತ್ತರದ ಕಾಡುಚಿಗರೆ.
ಅನುಬಂಧ ಎರಡು. ಪರವಾನಗಿ ಇಲ್ಲ.
ಕಾನೂನಿಗೆ ಈಗ ಹಿಡಿಯಲೊಂದು ಹಿಡಿ.

ವರದಿಗೆಂದು ಹೇಳಿಕೆಯ ಪ್ರತಿ ತರಿಸಿದೆ.
ಪ್ರಯಾಣಿಕಳು ಬೊಲುಂಬು, ಅರವತ್ತೆಂಟು,
ಮತೊಂಗೆ ಕೇರಿಗೆ ಮೊಮ್ಮಗಳ ಬಾಣಂತನಕ್ಕೆ ಬಂದವಳು.
ಏನಿದು ಎಂದು ಮೂರು ಸಲ ಕೇಳಿದ್ದಾರೆ,
ಮೂರು ಸಲವೂ ಒಂದೇ ಉತ್ತರ: ಮ್ಬೊಲೊಕೊ.
ಬರೆದುಕೊಂಡವನ ಟಿಪ್ಪಣಿ ಅಂಚಿನಲ್ಲಿ:
‘ಅರ್ಥವಾಗದು. ಸಹಕರಿಸುತ್ತಿಲ್ಲ.’

ಲಿಂಗಾಲ ನಿಘಂಟು ತೆರೆದೆ.
ಅದೇ ಪ್ರಾಣಿ. ಅಜ್ಜಿಕತೆಗಳಲ್ಲಿ
ಚಿರತೆಗೇ ಟೋಪಿ ಹಾಕುವ ಪುಟ್ಟ ಚಿಗರೆ.

ದಂಡ ಬೀಳುತ್ತದೆ. ಬೀಳಲೂಬೇಕು ಅನ್ನುತ್ತೇನೆ,
ಕಾಡಿನಲ್ಲಿ ಎಷ್ಟು ಉಳಿದಿವೆಯೋ ನನಗಂತೂ ಗೊತ್ತಿಲ್ಲ.
ಮಾಂಸ ಬೂದಿಯಾಯಿತು. ಬಾಣಂತಿ ಬೇರೇನೋ ಉಂಡಿರಬೇಕು.

ಮೂಳೆಯನ್ನು ಗೊದೆಲೀವೆ ಡ್ರಾಯರಿನಲ್ಲಿಟ್ಟಳು,
ಚೀಟಿಯಲ್ಲಿ ಲ್ಯಾಟಿನ್ ಹೆಸರು, ಶಾಯಿಯಲ್ಲಿ.
ಅದರ ಕೆಳಗೆ ಪೆನ್ಸಿಲು ಹಿಡಿದು
ಕಾಗುಣಿತ ಹೇಗೆಂದು ನನ್ನ ಕೇಳಿದಳು.