ಎದುರುಗೊಳ್ಳುವುದು

ಬುಧವಾರದ ಪ್ರಾರ್ಥನೆ ಮುಗಿಸಿ ಹಿರಿಯರಿಬ್ಬರೂ
ನೇರ ನಮ್ಮಜ್ಜಿಯ ಅಡುಗೆಮನೆಗೇ ಬಂದರು.
ಹೊರಗೆ ಉತ್ತರ ಸಮುದ್ರ
ಕಟ್ಟೆಯ ಕಲ್ಲಿಗೆ ಉಪ್ಪು ಉಗಿಯುತ್ತಿತ್ತು.
ಮೇಜಿನ ಮೇಲೆ ಅಜ್ಜಿಯ ಅಜ್ಜಿಯ ವೇದಪುಸ್ತಕ,
ಹರಿದ ಬೆನ್ನಿಗೆ ಬಲೆ ನೇಯುವ ದಾರದ ಹೊಲಿಗೆ.

ಗಾವಿನ್ ವೈಸ್‌ಮನ್ ಕನ್ನಡಕ ಒರೆಸಿಕೊಂಡು,
'ಇಲ್ಲಿ ನೋಡು, ಅಂಚಿನಲ್ಲಿ, ಪೆನ್ಸಿಲ್ಲು:
"ಮೇಲಕ್ಕೆ ಎತ್ತಿಕೊಂಡರು." ಹದಿನೆಂಟುನೂರ ಇಪ್ಪತ್ತೇಳು.
ಬೋಧಕರು ಬಾಯಿ ತೆರೆಯುವ ಮೊದಲೇ
ನಮ್ಮೂರ ಹೆಂಗಸಿಗೆ ಗೊತ್ತಿತ್ತು,
ಮಹಾಸಂಕಟಕ್ಕೆ ಮುಂಚೆ ಸಭೆ ಮೇಘ ಸೇರುವುದು.'

ಡಂಕನ್ ಮೇರ್ ದೀಪ ಹತ್ತಿರಕ್ಕೆಳೆದರು.
'ಎರಡಲ್ಲ ಅದು, ಮೂರು. ಹೊಟ್ಟೆ ಮಾಸಿದೆ ಅಷ್ಟೆ.
ಮೂವತ್ತೇಳರ ಹೊತ್ತಿಗೆ ಕರಪತ್ರಗಳು
ಉಪ್ಪಿನ ಚೀಲದ ಜೊತೆಗೇ ಇಳಿಯುತ್ತಿದ್ದವು.'

ಅಲ್ಲಿಂದ ಸಿರಿಯಾದ ಸನ್ಯಾಸಿಯ ಪ್ರಸಂಗ,
ಕ್ಲೈಡ್ ದಂಡೆಯಲ್ಲಿ ಜ್ವರದ ಹುಡುಗಿ ಕಂಡಳೆಂಬ ಕನಸು,
ಕಂಡಳೋ ಇಲ್ಲವೋ, ಕಂಡದ್ದು ಅದೇನೋ,
ಅಪೊಸ್ತಲನ ಪತ್ರದ ಒಂದೇ ಒಂದು ಗ್ರೀಕ್ ಪದ.
'ರಾಜ ಬಂದಾಗ ಊರಿನವರು ಬಾಗಿಲಾಚೆ ಹೋಗಿ
ಎದುರುಗೊಂಡು ಒಳಗೆ ಕರೆತರುತ್ತಿದ್ದರು, ಗಾವಿನ್.
ರಾಜನೊಡನೆ ಊರು ಬಿಟ್ಟು ಓಡುತ್ತಿರಲಿಲ್ಲ.'
'ತಂದೆಯ ಮನೆಯಲ್ಲಿ ಕೋಣೆಗಳು ಮತ್ತೇಕೆ, ಡಂಕನ್?'
ನಲವತ್ತು ವರ್ಷ ಒಂದೇ ಬೆಂಚು ಹಂಚಿಕೊಂಡವರು.
ಬಿಸ್ಕತ್ತಿನ ತಟ್ಟೆ ಮಾತ್ರ ಖಾಲಿಯಾಗುತ್ತಿತ್ತು.

ಅಜ್ಜಿ ಕೆಟಲು ಇಳಿಸಿ, ಸೆರಗಿಲ್ಲದ ಏಪ್ರನ್ನಿಗೆ ಕೈಯೊರೆಸಿ,
'ಅದು ತಾತನ ವಿಷಯ' ಅಂದಳು.
'ಮೂರು ವಾರ ನೀರಲ್ಲಿದ್ದ.
ಕಾಲುಚೀಲದ ಹಿಮ್ಮಡಿಗೆ ಹಾಕಿದ್ದ ತೇಪೆ ಅವಳದ್ದೇ,
ಅದರಿಂದ ಗುರುತು ಸಿಕ್ಕಿತು.
ಮೇಲಕ್ಕೆ ಎತ್ತಿಕೊಂಡರು, ದೋಣಿಗೆ.
ಗೋರಿಗೆ ಕಲ್ಲು ಹಾಕಿಸಲು ದುಡ್ಡಿರಲಿಲ್ಲ, ಇಲ್ಲಿ ಬರೆದಳು.
ಎರಡೋ ಮೂರೋ, ನನಗೂ ತಿಳಿಯದು.'

ಡಂಕನ್ ದೀಪವನ್ನು ಮೊದಲಿದ್ದಲ್ಲಿಗೇ ಸರಿಸಿದರು.
ಗಾವಿನ್ ಇನ್ನೊಮ್ಮೆ ಆ ಸಾಲು ಓದಿದರು, ತುಟಿಯಲ್ಲಿ ಮಾತ್ರ.
ಆ ವಾಕ್ಯದ ಪಕ್ಕದಲ್ಲೇ ಯಾಕೆ ಬರೆದಳೆಂದು
ಯಾರೂ ಕೇಳಲಿಲ್ಲ. ನಾನೂ.

ನನಗಾಗ ಒಂಬತ್ತು. ಶಾಲೆ ಬಿಟ್ಟು ಬಂದಾಗ
ಮನೆ ಮೌನವಾಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು:
ಎಲ್ಲರನ್ನೂ ಒಯ್ದಾಯಿತು, ನಾನೊಬ್ಬಳು ಉಳಿದೆ.
ಒಲೆಯ ಮೇಲೆ ಸಾರು ಕುದಿಯುತ್ತಿದ್ದರಂತೂ
ಸಂಶಯವೇ ಇರುತ್ತಿರಲಿಲ್ಲ.

ಹೆರಿಂಗ್ ದೋಣಿಗಳು ಬರುವ ನಸುಕಿನಲ್ಲಿ
ಹೆಂಗಸರು ಲಾಟೀನು ಹಿಡಿದು ಕಟ್ಟೆಯ ತುದಿಗೆ ಹೋಗುತ್ತಿದ್ದರು.
ಎದುರುಗೊಳ್ಳಲು ಹೋದವರು
ದೋಣಿ ಹತ್ತಿ ಹೊರಟದ್ದನ್ನು ನಾನು ಕಂಡಿಲ್ಲ.
ಬುಟ್ಟಿ ಹೊತ್ತು, ಬೈದುಕೊಂಡು, ನಗುತ್ತ
ಗಂಡಂದಿರ ಜೊತೆ ಏರುದಾರಿ ಹತ್ತಿ ಬರುತ್ತಿದ್ದರು.
ಅವಳೂ ಹಾಗೇ ಬಂದಿರಬೇಕು, ಒಂದು ಹಲಗೆಯ ಹಿಂದೆ,
ಬಹಳ ನಿಧಾನವಾಗಿ.

ಆ ಬುಧವಾರದ ಮೇಲೆ
ಮನೆ ಮೌನವಾಗಿದ್ದರೆ ನಾನು ಮೊದಲು ನೋಡುವುದು
ಬಾಗಿಲ ಹಿಂದಿನ ಗೂಟವನ್ನು.
ಶಾಲು ಇಲ್ಲವೆಂದರೆ ಅಜ್ಜಿ ಕಟ್ಟೆಗೆ ಹೋಗಿದ್ದಾಳೆ.
ಸಾರು ಸೀಯದಂತೆ ಕದಡುತ್ತ ನಿಲ್ಲುತ್ತೇನೆ.