ಕೇಳಿ ಬರ್ತೀನಿ

ಚಳ್ಳಕೆರೆಯಲ್ಲಿ ಗಾಳಿಗೂ ಶೇಂಗಾ ವಾಸನೆ.
ಎಣ್ಣೆ ಮಿಲ್ಲಿನ ಲೆಕ್ಕ ಮುಗಿಸಿ ಬಂದರೆ
ಮೊದಲು ಬಚ್ಚಲು,
ಅಂಗಿ ಬಕೆಟ್ಟಿಗೆ,
ಆಮೇಲೆ ಮಗಳು.

ಮೋನಿಷಾಗೆ ಒಂಬತ್ತು.
ಒಂದು ಚಿಟಿಕೆ ಚಟ್ನಿಪುಡಿಗೆ
ತುಟಿ ಊದಿ, ಉಸಿರು ಸಿಳ್ಳೆ ಹೊಡೆದ
ಆ ರಾತ್ರಿಯ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಅವಳಿಗೀಗ ಪಿಜ್ಜಾ ಬೇಕು.
ಊರವರೆಲ್ಲರ ಹುಟ್ಟುಹಬ್ಬದಲ್ಲೂ
ತನ್ನ ಡಬ್ಬಿಯ ಚಪಾತಿ ತಿಂದು
ಚಪ್ಪಾಳೆ ತಟ್ಟಿ ಬಂದವಳು.

ದುರ್ಗದ ಮೊದಲ ಅಂಗಡಿ:
"ಏನೂ ಆಗಲ್ಲ ಸಾರ್, ಧೈರ್ಯವಾಗಿ ತಿನ್ನಿಸಿ."
ಹೊರಗೆ ಬಂದೆವು.
ಎರಡನೆಯದು:
"ಮೇಲಿಂದ ಆರಿಸಿ ತೆಗೆದುಕೊಡ್ತೀವಿ ಬಿಡಿ."
ಹೊರಗೆ ಬಂದೆವು.
ಬಿಸಿಲು. ಕೋಟೆಯ ಬಂಡೆಗಳೇ ಒಲೆ ಹೊತ್ತಿಸಿಕೊಂಡಂತೆ.

ಹೊಳಲ್ಕೆರೆ ರಸ್ತೆಯ ಮೂರನೆಯದರಲ್ಲಿ
ಎದೆಯ ಮೇಲೆ ಇಮ್ತಿಯಾಜ್ ಅಂತಿದ್ದ ಹುಡುಗ
"ಗೊತ್ತಿಲ್ಲ" ಅಂದ.
"ಕೇಳಿ ಬರ್ತೀನಿ."

ಇಷ್ಟು ವರ್ಷಕ್ಕೆ ಮೊದಲ ಸಲ
ಕುರ್ಚಿ ಎಳೆದು ಕೂತೆ.

ಎಣ್ಣೆ ಡಬ್ಬ ಹೊತ್ತು ತಂದ, ಸಾಸಿನ ಬಾಟಲಿ,
ಹಿಟ್ಟಿನ ಚೀಲದ ಹರಿದ ಮೂಲೆ ಕೂಡ.
ಮೋನಿಷಾ ಬೆರಳಿಟ್ಟು ಓದಿದಳು,
ಪರೀಕ್ಷೆಗೂ ಹಾಗೆ ಓದಿದವಳಲ್ಲ.
ಎಣ್ಣೆ ಸೂರ್ಯಕಾಂತಿ. ಸಾಸು ಸರಿ. ಹಿಟ್ಟು ಸರಿ.
"ಆದ್ರೆ ಕತ್ತರಿಸೋ ಚಾಕು ಒಂದೇ," ತಲೆ ಕೆರೆದುಕೊಂಡ,
"ಬೆಳಿಗ್ಗೆ ಗೋಡಂಬಿದು ಕತ್ತರಿಸಿದ್ದೆ."

"ಕತ್ತರಿಸಲೇಬೇಡಿ ಅಣ್ಣ,
ರೊಟ್ಟಿ ಥರ ಹರ್ಕೋತೀನಿ."

ಇಡೀ ಚಂದ್ರ ಬಂತು, ಹೊಸ ತಟ್ಟೆಯಲ್ಲಿ.
ಅವಳ ಚೀಲದಲ್ಲಿ ಸೂಜಿ ಇದೆಯೇ ಅಂತ
ಮತ್ತೊಮ್ಮೆ ತಡವಿ ನೋಡಿದೆ.
ಚೀಸು ಮೊಳದುದ್ದ ಎಳೆಯಾಗಿ
ಅವಳ ಗಲ್ಲಕ್ಕೆ ಅಂಟಿತು.
ಒಂದು ತುಂಡಿಗೆ ನಾನೂ ಕೈ ಚಾಚಿದೆ.

"ಅಪ್ಪ," ಅಂದಳು, ಬಾಯ್ತುಂಬ,
"ಕೈ ತೊಳೆದ್ಯಾ?"